ಮನೆಯಲ್ಲೊಬ್ಬರು ಕುಡಿತಕ್ಕೆ ಬಿದ್ದಿದ್ದರೆ: ಮುಂಬೈ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಈ ಲೇಖನ ಕುಡಿಯುವವರಿಗಾಗಿ ಬರೆದದ್ದಲ್ಲ. ಅವರ ಹೆಂಡತಿಗೆ, ಅಮ್ಮನಿಗೆ, ತಮ್ಮನಿಗೆ, ಒಂದೇ ಖೋಲಿಯಲ್ಲಿ ಮಲಗುವ ಗೆಳೆಯನಿಗೆ, ಕೆಲಸ ಕೊಟ್ಟ ಹೋಟೆಲಿನ ಯಜಮಾನರಿಗೆ ಬರೆದದ್ದು. ಮುಂಬೈಯಲ್ಲಿ ನಮ್ಮವರ ದಿನ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಐದಕ್ಕೆ ಇಡ್ಲಿ ಪಾತ್ರೆ ಒಲೆಗೇರಿಸಿದವನಿಗೆ ಬಿಡುವು ಸಿಗುವುದು ರಾತ್ರಿ ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ತೆರೆದಿರುವುದು ಬಾರ್ ಒಂದೇ. ಎಷ್ಟೋ ಸಲ ಆ ಬಾರೂ ನಮ್ಮವರದ್ದೇ. ಗಲ್ಲಾದ ಮೇಲಿರುವವರು ಊರಿನ ಕಡೆಯವರೇ ಆದ್ದರಿಂದ ಸಾಲವೂ ಸಿಗುತ್ತದೆ.

ಇಂಥವರ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡೇ. ಒಂದು, ಬೈದು ಬೈದು ಸುಸ್ತಾಗುವುದು. ಇನ್ನೊಂದು, "ಊರಿಗೆ ಕಳಿಸಿಬಿಡುವ, ಅಲ್ಲಿ ಸರಿಹೋಗ್ತಾನೆ" ಅಂತ ಟಿಕೆಟ್ ತೆಗೆಸುವುದು. ಎರಡರಿಂದಲೂ ಗುಣವಾದವರನ್ನು ನಾನು ಹೆಚ್ಚು ನೋಡಿಲ್ಲ. ಎರಡನೆಯದರಲ್ಲಂತೂ ಜೀವಕ್ಕೇ ಅಪಾಯವಿದೆ.

2019ರಲ್ಲಿ ಹೊರಬಂದ, ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ವೈದ್ಯರು ಮಾಡಿದ ರಾಷ್ಟ್ರೀಯ ಸಮೀಕ್ಷೆ ಒಂದಿದೆ. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು ಅನ್ನುತ್ತದೆ ಅದು. ಉಳಿದ 37 ಮಂದಿ? ಅವರನ್ನು ನೋಡಿಕೊಳ್ಳುತ್ತಿರುವುದು ಮನೆಯವರೇ. ಅದಕ್ಕೇ ಮನೆಯವರಿಗೊಂದು ದಾರಿ ಗೊತ್ತಿರಬೇಕು. ನಾನು ಡಾಕ್ಟರ್ ಅಲ್ಲ. ಇಲ್ಲಿನ ನಮ್ಮವರ ಸಂಘದ ಕೆಲಸದ ನೆಪದಲ್ಲಿ ಇಂಥ ಮನೆಗಳಿಗೆ ಹೋಗಿ ಕೂತವನು. ಔಷಧಿಯ ವಿಷಯ ಡಾಕ್ಟರಿಗೆ ಬಿಟ್ಟು, ಮನೆಯವರು ಮಾಡಬಹುದಾದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: "ಇವತ್ತೇ ನಿಲ್ಲಿಸು" ಅಂತ ಹಟ ಹಿಡಿಯಬೇಡಿ

ವಿಚಿತ್ರ ಅನ್ನಿಸಬಹುದು. ಆದರೆ ಮೊದಲು ತಿಳಿದಿರಬೇಕಾದದ್ದು ಇದೇ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ದಿನಾ ಕುಡಿದರೆ ಮಿದುಳು ಆ ಮಂಕಿನ ವಿರುದ್ಧ ತನ್ನ ವೇಗವನ್ನು ಏರಿಸಿಕೊಂಡು ಹೇಗೋ ಸರಿದೂಗಿಸುತ್ತದೆ. ಒಂದು ದಿನ ಮದ್ಯ ಸಿಗಲಿಲ್ಲ ಅಂದರೆ ಮಂಕು ಹೋಗಿ, ಏರಿದ ವೇಗ ಮಾತ್ರ ಉಳಿಯುತ್ತದೆ. ಕೊನೆಯ ಸಲ ಕುಡಿದು 6ರಿಂದ 24 ಗಂಟೆಯಾಗುವುದರೊಳಗೆ ಕೈ ನಡುಗುತ್ತದೆ, ಮೈ ಬೆವರುತ್ತದೆ, ಎದೆ ಡವಡವ ಅನ್ನುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಗೊಂದಲ ಶುರುವಾಗುತ್ತದೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ, ಹೆಂಡತಿ ಮಕ್ಕಳ ಗುರುತು ಸಿಗುವುದಿಲ್ಲ. ಡಾಕ್ಟರುಗಳು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ದೆವ್ವ ಹಿಡಿದಿದೆ ಅಂತ ಮಂತ್ರ ಹಾಕಿಸಲು ಓಡುವುದೂ ಈ ಹಂತದಲ್ಲೇ.

ಈಗ ಊರಿನ ರೈಲು ನೆನಪಿಸಿಕೊಳ್ಳಿ. ಮಧ್ಯಾಹ್ನ ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧಕ್ಕೆ ಹತ್ತಿಸುತ್ತೀರಿ. ದಾರಿಯಲ್ಲಿ ಒಂದು ಹನಿಯೂ ಮುಟ್ಟದಂತೆ ನೋಡಿಕೊಳ್ಳಲು ತಮ್ಮನನ್ನು ಜೊತೆಗೆ ಕಳಿಸುತ್ತೀರಿ. ರತ್ನಾಗಿರಿ ದಾಟುವಾಗ ಕೈ ನಡುಕ. ನಡುರಾತ್ರಿ ಗೋವಾ ಬರುವಾಗ ಮೈಯೆಲ್ಲ ಬೆವರು. ಫಿಟ್ಸ್ ಏನಾದರೂ ಬಂದರೆ ಅದು ಓಡುವ ರೈಲಿನ ಅಪ್ಪರ್ ಬರ್ತ್‌ನಲ್ಲಿ. ಆ ತಮ್ಮ ಪಾಪ ಏನು ಮಾಡಬೇಕು?

ಡ್ರೈ ಡೇಗಳಲ್ಲೂ ಇದೇ ಕಥೆ. ಚುನಾವಣೆ ಬಂದರೆ ಮತದಾನ ಮುಗಿಯುವ ಹೊತ್ತಿಗೆ ಮೊದಲಿನ 48 ಗಂಟೆ ಮದ್ಯ ಮಾರುವಂತಿಲ್ಲ. ದಿನಾ ಕುಡಿಯುವವರಿಗೆ ಫಿಟ್ಸ್ ಬರುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳೆಲ್ಲ ಒಮ್ಮೆಲೇ ಮುಚ್ಚಿದಾಗ ಆಸ್ಪತ್ರೆಗಳಿಗೆ ಇಂಥ ರೋಗಿಗಳು ಜಾಸ್ತಿ ಬಂದದ್ದು ಇದೇ ಕಾರಣಕ್ಕೆ.

ಹಾಗಾಗಿ ಬಿಡಿಸುವ ಮೊದಲು ಡಾಕ್ಟರನ್ನು ಕಾಣಿ. ಮೈಯಿಂದ ಮದ್ಯ ಇಳಿಸುವ ಕೆಲಸ ಕೆಲವೇ ದಿನಗಳದ್ದು. ನಡುಕ ತಡೆಯುವ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ, ವಿಟಮಿನ್ ಬಿ1 ಕೊಡುತ್ತಾರೆ. ಅದೇ ಮಾತ್ರೆಯನ್ನು ನೀವೇ ಮೆಡಿಕಲ್‌ನಿಂದ ತಂದು ಕೊಡಬೇಡಿ. ಮದ್ಯದ ಮೇಲೆ ಅದು ಬಿದ್ದರೆ ಉಸಿರೇ ನಿಲ್ಲಬಹುದು. ಡಾಕ್ಟರ್ ಸಿಗುವವರೆಗೆ ಆತ ದಿನದ ಅಳತೆಯಲ್ಲಿ ಸ್ವಲ್ಪ ಕುಡಿದರೂ ಪರವಾಗಿಲ್ಲ, ಏಕಾಏಕಿ ನಿಲ್ಲಿಸುವುದು ಬೇಡ.

ಫಿಟ್ಸ್, ಗೊಂದಲ, ಇಲ್ಲದ್ದು ಕಾಣುವುದು, ರಕ್ತ ವಾಂತಿ, ವಿಪರೀತ ಜ್ವರ: ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ರಿಕ್ಷಾದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. ಹಿಂದೆ ಒಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಅಂಥವರನ್ನು ಮನೆಯಲ್ಲಿಟ್ಟು ಬಿಡಿಸಲೇಬಾರದು. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯಡಿಗೆ ಬಟ್ಟೆ ಕೊಡಿ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಕೈಗೆ ಬೀಗದಕೈ ಗೊಂಚಲು ಕೊಡುವುದರಿಂದ ಏನೂ ಆಗುವುದಿಲ್ಲ.

ಕಳ್ಳಬಟ್ಟಿಯದ್ದು ಇನ್ನೊಂದು ಅಪಾಯ. 2015ರ ಜೂನ್‌ನಲ್ಲಿ ಮಲಾಡಿನ ಮಾಲ್ವಣಿಯಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಮೆಥನಾಲ್ ಅನ್ನುವ ವಿಷ ಬೆರೆತ ಸಾರಾಯಿ ಕುಡಿದು ಕೆಲವು ಗಂಟೆಗಳ ನಂತರ ಹೊಟ್ಟೆನೋವು, ವಾಂತಿ, ಕಣ್ಣು ಮಂಜಾಗುವುದು ಶುರುವಾಗುತ್ತದೆ. "ಇಳಿದ ಮೇಲೆ ಸರಿಹೋಗ್ತದೆ" ಅಂತ ಮಲಗಿಸಬೇಡಿ.

ಬ್ರೌನ್ ಶುಗರ್, ಅಂದರೆ ಹೆರಾಯಿನ್ ಜಾತಿಯ ಪೌಡರ್ ತೆಗೆದುಕೊಳ್ಳುವವರಿಗೆ ಬಿಟ್ಟಾಗ ಮೈಕೈ ನೋವು, ಭೇದಿ, ಹೇಳತೀರದ ಹಿಂಸೆ. ನೋಡಲು ಭಯಂಕರ, ಆದರೆ ಮದ್ಯದಷ್ಟು ಪ್ರಾಣಾಂತಿಕ ಅಲ್ಲ. ನಿದ್ದೆಮಾತ್ರೆಯ ಚಟ ಇದ್ದವರಿಗೆ ಮಾತ್ರ ಮದ್ಯದಂತೆಯೇ ಫಿಟ್ಸ್ ಬರುತ್ತದೆ. ಅದನ್ನೂ ಮೆಲ್ಲಗೆ ಇಳಿಸಬೇಕು.

ಹೆಜ್ಜೆ 2: ಎರಡು ವಾರ ಲೆಕ್ಕ ಬರೆದಿಡಿ

ಡಾಕ್ಟರ್ ಕೇಳುವ ಮೊದಲ ಪ್ರಶ್ನೆ, "ಎಷ್ಟು ಕುಡೀತಾರೆ?" ಮನೆಯವರ ಉತ್ತರ, "ತುಂಬಾ." ಇದರಿಂದ ಅವರಿಗೆ ಏನೂ ತಿಳಿಯುವುದಿಲ್ಲ.

ಕ್ಯಾಲೆಂಡರಿನ ಹಿಂದೆಯೋ ಮೊಬೈಲಿನಲ್ಲೋ ಬರೆದಿಡಿ. ಯಾವ ಮದ್ಯ, ಎಷ್ಟು, ದಿನದ ಮೊದಲ ಗುಟುಕು ಎಷ್ಟು ಗಂಟೆಗೆ. ಈ ಕೊನೆಯದ್ದು ಮುಖ್ಯ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕುಡಿದರೆ ಮಾತ್ರ ಕೈ ನಡುಕ ನಿಲ್ಲುತ್ತದೆ ಅಂತಾದರೆ ಮೈ ಪೂರ್ತಿ ಒಗ್ಗಿದೆ ಅಂತ ಅರ್ಥ. ಅಳತೆಯ ಅಂದಾಜಿಗೆ ಒಂದು ಲೆಕ್ಕ: ವಿಸ್ಕಿ, ರಮ್ಮಿನ 30 ಮಿ.ಲೀ. ಒಂದು ಡ್ರಿಂಕ್. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ., ಆರು ಡ್ರಿಂಕ್. "ನಾನು ಬರೀ ಬಿಯರ್" ಅನ್ನುವವರೂ ಇದ್ದಾರೆ. 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು ನಾಲ್ಕು ಡ್ರಿಂಕ್ ಇರುತ್ತದೆ.

ಜೊತೆಗೆ ಬೇರೆ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಹಿಂದೆ ಎಷ್ಟು ಸಲ ಬಿಟ್ಟಿದ್ದರು, ಯಾವಾಗ ಮತ್ತೆ ಶುರುವಾಯಿತು ಅನ್ನುವುದನ್ನೂ ಬರೆಯಿರಿ. ಈ ಚೀಟಿ ಡಾಕ್ಟರಿಗೆ ಮಾತ್ರ. ಜಗಳದಲ್ಲಿ ತೆಗೆದು ಓದಲು ಇಟ್ಟುಕೊಳ್ಳಬೇಡಿ.

ಹೆಜ್ಜೆ 3: ಮಾತಾಡಲು ಹೊತ್ತು ನೋಡಿ

ಕುಡಿದು ಬಂದ ರಾತ್ರಿ ಏನೂ ಹೇಳಬೇಡಿ. ಹೇಳಿದ್ದು ಬೆಳಿಗ್ಗೆ ಅವರಿಗೆ ನೆನಪಿರುವುದಿಲ್ಲ, ನಿಮಗೆ ಮಾತ್ರ ನೆನಪಿರುತ್ತದೆ. ಬೆಳಿಗ್ಗೆ ಸ್ವಲ್ಪ ಸ್ವಸ್ಥವಾಗಿರುವ ಹೊತ್ತು ನೋಡಿ. ಒಂದೇ ಖೋಲಿ, ನಡುವೆ ಬಟ್ಟೆಯ ಪರದೆ, ಆಚೆ ಮಕ್ಕಳು, ಗೋಡೆಗೆ ಕಿವಿ ಇಟ್ಟ ಪಕ್ಕದ ಮನೆ. ಮುಂಬೈಯಲ್ಲಿ ಮನೆಯೊಳಗೆ ಗುಟ್ಟಿನ ಮಾತಿಗೆ ಜಾಗ ಎಲ್ಲಿದೆ? ಹೊರಗೆ ಕರೆದುಕೊಂಡು ಹೋಗಿ. ದಾದರ್ ಚೌಪಾಟಿ ಆಗಬಹುದು, ಮಾಟುಂಗಾದ ಗಾರ್ಡನ್ ಆಗಬಹುದು. ಪಕ್ಕಪಕ್ಕ ನಡೆಯುತ್ತಾ ಮಾತಾಡಿದರೆ ಮುಖಾಮುಖಿ ಕೂತದ್ದಕ್ಕಿಂತ ಸಲೀಸು.

ಒಂದೇ ಒಂದು ಸಂಗತಿ ಹೇಳಿ. ಈಚಿನದ್ದು ಹೇಳಿ. ಹತ್ತು ವರ್ಷದ ಪಟ್ಟಿ ಬಿಚ್ಚಬೇಡಿ. ಹೀಗೆ:

"ಸೋಮವಾರ ಪಾಪುವಿನ ಶಾಲೆಗೆ ಬರ್ತೇನೆ ಅಂದಿದ್ರಿ. ಅವಳು ಗೇಟ್ ಹತ್ರ ಕಾಯ್ತಾ ಇದ್ಳು. ನಂಗೆ ಹೆದರಿಕೆ ಆಗ್ತದೆ. ಒಮ್ಮೆ ಡಾಕ್ಟ್ರ ಹತ್ರ ಹೋಗುವ. ನಾನೂ ಬರ್ತೇನೆ."

ಇಷ್ಟೇ. "ನಿಮ್ಮಿಂದ ನನ್ನ ಬದುಕು ಹಾಳಾಯ್ತು" ಅನ್ನುವುದು ನಿಜವೇ ಇರಬಹುದು. ಆದರೆ ಅದಕ್ಕೆ ಉತ್ತರವಾಗಿ ಬರುವುದು ಜಗಳ ಅಥವಾ ಇನ್ನೊಂದು ಕ್ವಾರ್ಟರ್. ಮಕ್ಕಳ ತಲೆ ಮೇಲೆ ಕೈ ಇಡಿಸಿ ಆಣೆ ಹಾಕಿಸಬೇಡಿ. ಆಣೆ ಮುರಿದ ದಿನ ಅವರಿಗೆ ತಮ್ಮ ಮೇಲೇ ಅಸಹ್ಯ ಹುಟ್ಟುತ್ತದೆ, ಅದನ್ನು ಮರೆಯಲು ಮತ್ತೆ ಕುಡಿಯುತ್ತಾರೆ. ಮಗುವಿಗೋ, ಅಪ್ಪ ಕುಡಿದರೆ ತಾನು ಸಾಯುತ್ತೇನೆ ಅನ್ನುವ ಭಯ.

ನೆಂಟರನ್ನೆಲ್ಲ ಸೇರಿಸಿ ಪಂಚಾಯಿತಿ ಮಾಡುವ ಅಭ್ಯಾಸ ನಮ್ಮಲ್ಲಿದೆ. ಭಾವ, ದೊಡ್ಡಪ್ಪ, ಸಂಘದ ಇಬ್ಬರು ಹಿರಿಯರು, ನಡುವೆ ತಲೆತಗ್ಗಿಸಿ ಕೂತ ಒಬ್ಬ. ಅವತ್ತು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಮಾರನೇ ದಿನದಿಂದ ಯಾರಿಗೂ ಮುಖ ತೋರಿಸುವುದಿಲ್ಲ. ಅದಕ್ಕಿಂತ ಅವರು ಮರ್ಯಾದೆ ಕೊಡುವ ಒಬ್ಬರೇ ಒಬ್ಬರು ಸಾಕು. ಹೆಚ್ಚಾಗಿ ಅದು ಊರಿನ ಹಿರಿಯರಿಗಿಂತ, ಮೊದಲು ಕುಡಿಯುತ್ತಿದ್ದು ಈಗ ಬಿಟ್ಟಿರುವ ಗೆಳೆಯನಾಗಿರುತ್ತಾನೆ.

ಕುಡಿಯದ ಹೊತ್ತಿನಲ್ಲಿ ಚೆನ್ನಾಗಿ ಮಾತಾಡಿಸುವುದು, ಜೊತೆಗೆ ಊಟ ಮಾಡುವುದು, ಕುಡಿದಾಗ ಸುಮ್ನೆ ದೂರ ಸರಿಯುವುದು: ಇದನ್ನು ಮನೆಯವರಿಗೆ ಹೇಳಿಕೊಡುವ ಒಂದು ಪದ್ಧತಿಯೇ ಅಮೆರಿಕದಲ್ಲಿದೆ, ಕ್ರಾಫ್ಟ್ ಅಂತ ಹೆಸರು. ಚಿಕಿತ್ಸೆಗೆ ಒಲ್ಲೆ ಅನ್ನುತ್ತಿದ್ದವರಲ್ಲಿ ಹೆಚ್ಚಿನವರು ಮನೆಯವರ ಈ ನಡತೆಯಿಂದ ಒಪ್ಪಿಕೊಂಡದ್ದು ಅಲ್ಲಿನ ಅಧ್ಯಯನಗಳಲ್ಲಿ ಕಂಡಿದೆ. ನಮ್ಮಲ್ಲಿ ನಡೆಯುವುದು ಇದರ ಉಲ್ಟಾ. ಕುಡಿಯದೆ ಬಂದ ದಿನವೇ ಬಾಯಿ ತೆರೆಯುತ್ತೇವೆ, ಯಾಕೆಂದರೆ ಅವತ್ತು ತಿರುಗಿ ಬೀಳುವುದಿಲ್ಲ ಅನ್ನುವ ಧೈರ್ಯ.

"ಇಲ್ಲ" ಅಂದರೆ ಅಲ್ಲಿಗೇ ಬಿಡಿ. ಆಸ್ಪತ್ರೆಯಿಂದ ಬಂದ ದಿನ, ಕೆಲಸದಲ್ಲಿ ವಾರ್ನಿಂಗ್ ಸಿಕ್ಕ ದಿನ, ಜೊತೆಗೆ ಕುಡಿಯುತ್ತಿದ್ದವನು ತೀರಿಕೊಂಡ ದಿನ ಮನಸ್ಸು ಮೆತ್ತಗಿರುತ್ತದೆ. ಅವತ್ತು ಮತ್ತೆ ಕೇಳಿ. ಎಲ್ಲಿಗೆ, ಎಷ್ಟು ಗಂಟೆಗೆ ಹೋಗಬೇಕು ಅಂತ ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದರೆ ಅವತ್ತೇ ಹೊರಡಬಹುದು. ಒಂದು ವಾರ ಕಳೆದರೆ ಮನಸ್ಸು ಬದಲಾಗಿರುತ್ತದೆ.

ಹೆಜ್ಜೆ 4: ಅವರ ಪರವಾಗಿ ಸುಳ್ಳು ಹೇಳುವುದನ್ನು ನಿಲ್ಲಿಸಿ

ಡೊಂಬಿವಲಿಯ ಒಂದು ಮನೆ ಅಂದುಕೊಳ್ಳಿ. ಬೆಳಿಗ್ಗೆ ಆರೂವರೆ. ಹೆಂಡತಿ ಹೋಟೆಲಿನ ಮ್ಯಾನೇಜರಿಗೆ ಫೋನ್ ಮಾಡುತ್ತಾಳೆ. "ಅಣ್ಣಾ, ಇವ್ರಿಗೆ ರಾತ್ರಿಯಿಂದ ಜ್ವರ. ಇವತ್ತೊಂದಿನ ಸುಧಾರಿಸಿಕೊಳ್ಳಿ." ಆಚೆಯಿಂದ, "ಆಯ್ತಮ್ಮ, ಔಷಧಿ ಕೊಡಿಸು." ಮ್ಯಾನೇಜರಿಗೆ ಗೊತ್ತು, ಅದು ಜ್ವರ ಅಲ್ಲ. ಅವರಿಗೆ ಗೊತ್ತಿದೆ ಅಂತ ಇವಳಿಗೂ ಗೊತ್ತು. ಚಾದರದೊಳಗೆ ಕಣ್ಣು ಮುಚ್ಚಿ ಮಲಗಿದವರು ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ. ಫೋನ್ ಇಟ್ಟದ್ದು ಗೊತ್ತಾದ ಮೇಲೆ ಮಗ್ಗುಲು ಬದಲಿಸುತ್ತಾರೆ. ಹತ್ತು ಗಂಟೆಗೆ ಎದ್ದು ಚಹಾ ಕೇಳುತ್ತಾರೆ.

ಈ ಫೋನನ್ನು ಅವಳು ಮಾಡುವುದು ಪ್ರೀತಿಯಿಂದಲೇ. ಕೆಲಸ ಹೋದರೆ ಬಾಡಿಗೆ ಕಟ್ಟುವುದು ಯಾರು? ಆದರೆ ಇದರಿಂದ ಕುಡಿತದ ಬೆಲೆಯನ್ನು ಕುಡಿದವರು ತೆರುವುದೇ ಇಲ್ಲ. ಸಂಕಟವೆಲ್ಲ ಇವಳಿಗೆ, ನಿದ್ದೆ ಅವರಿಗೆ. ಫೋನನ್ನು ಅವರ ಕೈಗೆ ಕೊಟ್ಟು, "ನೀವೇ ಹೇಳಿ" ಅಂದರೆ ಸಾಕು. ಬೈಯಬೇಕಾಗಿಲ್ಲ. ಗಂಟಲು ಸರಿಮಾಡಿಕೊಂಡು ಸುಳ್ಳು ಹುಡುಕುವ ಆ ಅರ್ಧ ನಿಮಿಷ ಅವರದ್ದಾಗಲಿ.

ಯಾವುದು ಆಸರೆ, ಯಾವುದು ಕುಡಿತಕ್ಕೆ ಒತ್ತಾಸೆ ಅಂತ ಗೊಂದಲವಾದಾಗ ನಾನು ಹೇಳುವುದು ಒಂದೇ ಮಾತು: ಇದರಿಂದ ಆ ಮನುಷ್ಯನಿಗೆ ಅನುಕೂಲವೋ, ಬಾಟಲಿಗೋ? ಊಟ ಹಾಕುವುದು ಮನುಷ್ಯನಿಗೆ. ನಗದು ಕೊಡುವುದು ಬಾಟಲಿಗೆ. ಆಸ್ಪತ್ರೆಗೆ ಜೊತೆ ಹೋಗುವುದು, ಡಾಕ್ಟರಿಗೆ ನೀವೇ ದುಡ್ಡು ಕಟ್ಟುವುದು ಮನುಷ್ಯನಿಗೆ. ಬಾರಿನ ಸಾಲ ತೀರಿಸುವುದು ಬಾಟಲಿಗೆ. ಸಾಲ ತೀರಿದ ಸಂಜೆಯೇ ಹೊಸ ಲೆಕ್ಕ ಶುರುವಾಗುತ್ತದೆ. ರಾತ್ರಿ ಕುಡಿದು ಬಂದು ಬಾಗಿಲು ಬಡಿದರೆ? ಹೊಡೆಯುವವರಲ್ಲ ಅಂತಾದರೆ ತೆಗೆಯಿರಿ, ಒಂದು ಮಗ್ಗುಲಿಗೆ ಮಲಗಿಸಿ. ಕಟ್ಟೆಯ ಮೇಲೆ ಅಂಗಾತ ಮಲಗಿ ವಾಂತಿ ಗಂಟಲಲ್ಲಿ ಸಿಕ್ಕಿ ಸತ್ತವರಿದ್ದಾರೆ. ಆದರೆ ಕೊಳೆಯಾದ ನೆಲವನ್ನು ಬೆಳಿಗ್ಗೆ ಅವರೇ ಒರೆಸಲಿ.

ಹೋಟೆಲಿನವರಿಗೆ ಎರಡು ಮಾತು. ನಿಮ್ಮ ಹುಡುಗ ಒಳ್ಳೆ ಕೆಲಸಗಾರ, ಸಂಜೆ ಮಾತ್ರ ಹೀಗೆ ಅಂತಾದರೆ ಕೈಗೆ ದಿನಗೂಲಿ ಕೊಡಬೇಡಿ. ಅವನ ಒಪ್ಪಿಗೆ ತೆಗೆದುಕೊಂಡು ಸಂಬಳವನ್ನು ಬ್ಯಾಂಕಿಗೆ ಹಾಕಿ, ಮನೆಗೆ ಹೋಗುವ ಪಾಲು ನೇರ ಮನೆಗೆ ಹೋಗಲಿ. ಟಿಪ್ಸ್ ದಿನಾ ಕೈಗೆ ಸಿಗುವ ಕೆಲಸದಿಂದ ಕಿಚನ್ನಿಗೆ ಬದಲಿಸಿ. ಪರ್ಮಿಟ್ ರೂಮ್‌ನಲ್ಲಿ ಪೆಗ್ ಅಳೆಯುವ ಕೆಲಸದಲ್ಲಿಟ್ಟು "ಕುಡಿಯಬೇಡ" ಅನ್ನುವುದು ತಮಾಷೆಯಷ್ಟೇ. ಕೆಲಸದಿಂದ ತೆಗೆಯುವ ಮೊದಲು, "ಚಿಕಿತ್ಸೆಗೆ ಹೋಗಿ ಬಾ, ಕೆಲಸ ಇಟ್ಟಿರ್ತೇನೆ" ಅಂತ ಒಮ್ಮೆ ಹೇಳಿ ನೋಡಿ. ಹೆಂಡತಿಯ ಕಣ್ಣೀರಿಗೆ ಬಗ್ಗದವರು ಯಜಮಾನರ ಈ ಒಂದು ಮಾತಿಗೆ ಹೊರಟದ್ದುಂಟು.

ಹೆಜ್ಜೆ 5: ಎಲ್ಲಿಗೆ ಹೋಗುವುದು

ಮೊದಲು ಫೋನ್. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡಿಲ್ಲ. 14416 ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಇದೆ. ಕುಡಿಯುವವರೇ ಮಾತಾಡಬೇಕೆಂದಿಲ್ಲ, ಮನೆಯವರೂ ಕೇಳಬಹುದು.

ಆಮೇಲೆ ಸರ್ಕಾರಿ ಆಸ್ಪತ್ರೆ. ಪರೇಲಿನ ಕೆ.ಇ.ಎಂ., ಸಾಯನ್, ನಾಯರ್, ಭಾಯಖಳಾದ ಜೆ.ಜೆ. ಎಲ್ಲದರಲ್ಲೂ ಮನೋರೋಗ ವಿಭಾಗವಿದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಸೈಕಿಯಾಟ್ರಿ ಒಪಿಡಿಗೆ ಹೋಗಿ. ಆ ಬೋರ್ಡ್ ನೋಡಿ ಕೆಲವರು ತಿರುಗಿ ನಡೆಯುತ್ತಾರೆ. "ನಾನೇನು ಹುಚ್ಚನಾ?" ಅನ್ನುತ್ತಾರೆ. ಮೊದಲೇ ತಿಳಿಸಿ ಕರೆದುಕೊಂಡು ಹೋದರೆ ಈ ರಗಳೆ ಇಲ್ಲ. ಲಿವರ್ ತೊಂದರೆಗೆ ಮೆಡಿಸಿನ್ ವಿಭಾಗಕ್ಕೆ ಹೋದವರನ್ನು ಅಲ್ಲಿಂದಲೇ ಕಳಿಸುವುದೂ ಉಂಟು. ಪುಣೆಯವರಿಗೆ ಸಾಸೂನ್, ಗೋವಾದವರಿಗೆ ಬಾಂಬೋಳಿಯ ಮನೋರೋಗ ಸಂಸ್ಥೆ.

ಒಳಗಿದ್ದು ಚಿಕಿತ್ಸೆ ಪಡೆಯಬೇಕು ಅಂತಾದರೆ ಪುಣೆಯ ಯೆರವಡಾ ಕಡೆಯ ಮುಕ್ತಾಂಗಣ ಇದೆ. 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಅವರ ಪತಿ, ಲೇಖಕ ಅನಿಲ್ ಅವಚಟ್ ಕಟ್ಟಿದ್ದು. ಮರಾಠಿಯ ಹೆಸರಾಂತ ಲೇಖಕ ಪು. ಲ. ದೇಶಪಾಂಡೆ ದಂಪತಿ ನೆರವಿಗೆ ನಿಂತರು. ಐದು ವಾರದಷ್ಟು ಅಲ್ಲಿರಬೇಕು. ನನಗೆ ಅಲ್ಲಿಯ ಒಂದು ಸಂಗತಿ ಬಹಳ ಹಿಡಿಸಿತು. ರೋಗಿಗಳ ಹೆಂಡತಿಯರಿಗೆ 'ಸಹಚರಿ' ಅನ್ನುವ ಬೇರೆಯೇ ಗುಂಪು ಇದೆ. ಹೆಂಗಸರಿಗೂ ಪ್ರತ್ಯೇಕ ಚಿಕಿತ್ಸೆ ಇದೆ. ಹೌದು, ಹೆಂಗಸರೂ ಕುಡಿಯುತ್ತಾರೆ. ಬಾಗಿಲು ಹಾಕಿಕೊಂಡು ಕುಡಿಯುವುದರಿಂದ ಗೊತ್ತಾಗುವುದು ತಡ, ಗೊತ್ತಾದ ಮೇಲೆ ಸಿಗುವ ಕನಿಕರವೂ ಕಡಿಮೆ.

ಮುಂಬೈಯಲ್ಲಿ ಕೃಪಾ ಫೌಂಡೇಶನ್ ಇದೆ. 1981ರಲ್ಲಿ ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನಲ್ಲಿ ಫಾದರ್ ಜೋ ಪೆರೇರಾ ಶುರು ಮಾಡಿದ್ದು. ಅಲ್ಲಿ ಯೋಗಕ್ಕೆ ದೊಡ್ಡ ಪಾಲು. ಫಾದರ್ ಯೋಗ ಕಲಿತದ್ದು ಯಾರಿಂದ ಗೊತ್ತಾ? ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ನಮ್ಮ ಬಿ. ಕೆ. ಎಸ್. ಅಯ್ಯಂಗಾರರಿಂದ.

ಇನ್ನು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದದ್ದು. ಇಲ್ಲಿ ಶಾಲೆಯ ಕೋಣೆ, ಚರ್ಚಿನ ಹಾಲ್‌ಗಳಲ್ಲಿ ಸಭೆ ನಡೆಯುತ್ತದೆ. ಫೀಸಿಲ್ಲ. ಪೂರ್ತಿ ಹೆಸರೂ ಹೇಳಬೇಕಾಗಿಲ್ಲ. ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಹಿಂದಿ, ಮರಾಠಿ, ಇಂಗ್ಲಿಷ್ ಯಾವುದರಲ್ಲಾದರೂ ಕೂತು ಕೇಳಬಹುದು.

ಕುಡಿತ ಇನ್ನೂ ಆರಂಭದಲ್ಲೇ ಇದ್ದರೆ ಒಳಗೆ ಸೇರಿಸಬೇಕಾಗಿಯೇ ಇಲ್ಲ. ಗೋವಾದ ಸಂಗಾತ್ ಸಂಸ್ಥೆಯವರು ಡಾಕ್ಟರುಗಳಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಗಳಲ್ಲಿ ಜಾಸ್ತಿ ಕುಡಿಯುವ ಗಂಡಸರೊಡನೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿಸಿದರು. ಮೂರು ತಿಂಗಳಾದಾಗ ಅವರಲ್ಲಿ ನೂರಕ್ಕೆ 36 ಮಂದಿ ಅಪಾಯದ ಕುಡಿತದಿಂದ ಹೊರಬಂದಿದ್ದರು. ಮಾತುಕತೆ ಸಿಗದವರಲ್ಲಿ 26. ಬರೀ ನಾಲ್ಕು ಮಾತುಕತೆಗೆ ಇದು ಸಣ್ಣ ಸಂಗತಿಯಲ್ಲ ಅಲ್ವಾ?

ಖಾಸಗಿ ಕೇಂದ್ರಗಳ ಬಗ್ಗೆ ಮಾತ್ರ ಎಚ್ಚರ. "ಗಾಡಿ ಕಳಿಸ್ತೇವೆ, ಎತ್ತಿಕೊಂಡು ಬರ್ತೇವೆ, ಆರು ತಿಂಗಳು ಫೋನ್ ಕೂಡ ಮಾಡಬೇಡಿ" ಅನ್ನುವವರಿದ್ದಾರೆ. ಅಂಥ ಕಡೆ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಗಳೂ ಸೇರಿವೆ. ಕೇಂದ್ರಕ್ಕೆ ನೋಂದಣಿ ಇರಬೇಕು. ಸರಪಳಿ ಹಾಕುವಂತಿಲ್ಲ. ಮನಸ್ಸಿಲ್ಲದವರನ್ನು ಸೇರಿಸುವುದಕ್ಕೆ ಕಾನೂನಿನಲ್ಲಿ ಬೇರೆಯೇ ಕ್ರಮವಿದೆ, ವೈದ್ಯರ ಪರೀಕ್ಷೆ ಬೇಕು, ಮೊದಲಿಗೆ 30 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದುಡ್ಡು ಕಟ್ಟುವ ಮೊದಲು ಒಳಗೆ ಹೋಗಿ ನೋಡಿ. ಮಲಗುವ ಜಾಗ ನೋಡಿ, ಕಕ್ಕಸು ನೋಡಿ. ಡಾಕ್ಟರ್ ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ ಅಂತ ಕೇಳಿ. ತೋರಿಸಲು ಹಿಂದೇಟು ಹಾಕಿದರೆ ವಾಪಸ್ ಬನ್ನಿ.

ಲೋಕಲ್ ರೈಲಿನ ಡಬ್ಬದೊಳಗೆ ಅಂಟಿಸಿರುತ್ತಾರಲ್ಲ, "ಗೊತ್ತಾಗದಂತೆ ಕುಡಿತ ಬಿಡಿಸಿ" ಅಂತ, ಆ ಪುಡಿಯನ್ನು ಸಾರಿನಲ್ಲಿ ಬೆರೆಸಬೇಡಿ. ಅದರಲ್ಲಿ ಏನಿದೆ ಅಂತ ಯಾರೂ ಹೇಳುವುದಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆ ನಿಜವಾದದ್ದೇ. ಅದನ್ನು ನುಂಗಿ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ನುಂಗಿದವರಿಗೆ ಇದು ಗೊತ್ತಿದ್ದರೆ ಆ ಹೆದರಿಕೆಯೇ ಕುಡಿಯದಂತೆ ತಡೆಯುತ್ತದೆ. ಗೊತ್ತಿಲ್ಲದೆ ಕುಡಿದರೆ ಸಾಯಲೂಬಹುದು. ಅದಕ್ಕೇ ಅವರ ಒಪ್ಪಿಗೆ ಇಲ್ಲದೆ, ಡಾಕ್ಟರ್ ಇಲ್ಲದೆ ಕೊಡುವಂತಿಲ್ಲ.

ಮಗ ಪೌಡರ್ ತೆಗೆದುಕೊಳ್ಳುತ್ತಾನೆ, ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆ ಅಂತ ಹೆದರಿ ಕೂರುವ ತಂದೆತಾಯಿ ಇದ್ದಾರೆ. ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಯ 64ಎ ಕಲಮಿನಲ್ಲಿ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವಂತಿಲ್ಲ ಅಷ್ಟೇ.

ಹೆಜ್ಜೆ 6: ಊರು, ಹರಕೆ, ಮದುವೆ

ಊರು ಬೇಡ ಅಂತ ನಾನು ಹೇಳುವುದಿಲ್ಲ. ಮೈಯಿಂದ ಮದ್ಯ ಇಳಿದ ಮೇಲೆ ಹೋಗಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ನಿಮಗೆ ಗೊತ್ತಿರಬಹುದು. ಅದರಿಂದ ಬಿಟ್ಟವರು ಬಹಳ ಮಂದಿ. ಶಿಬಿರ ಮುಗಿದ ಮೇಲೂ ಅಲ್ಲಿ ನವಜೀವನ ಸಮಿತಿಯ ಗೆಳೆಯರು ಸಿಗುತ್ತಿರುತ್ತಾರೆ. ಆದರೆ ನಮ್ಮವನು ಶಿಬಿರ ಮುಗಿಸಿ ಮುಂಬೈಗೆ ಬಂದು ಅದೇ ಖೋಲಿ, ಅದೇ ಸಂಜೆಗೆ ಬೀಳುತ್ತಾನೆ. ಇಲ್ಲಿ ಯಾವ ಗುಂಪಿಗೆ ಹೋಗುತ್ತಾನೆ ಅಂತ ರೈಲು ಹತ್ತುವ ಮೊದಲೇ ಗೊತ್ತುಮಾಡಿ.

ದೇವರಿಗೆ ಹರಕೆ ಹೊರಿ, ತಪ್ಪಿಲ್ಲ. ಅದರ ಜೊತೆಗೆ ಡಾಕ್ಟರನ್ನೂ ಕಾಣಿ. ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತ ಯಾರಾದರೂ ಅಂದರೆ, ಆ ಹುಡುಗಿಯ ಅಪ್ಪನ ಜಾಗದಲ್ಲಿ ನೀವಿದ್ದರೆ ಕೊಡುತ್ತಿದ್ದಿರಾ ಅಂತ ಕೇಳಿ.

ಹೆಜ್ಜೆ 7: ಬಿಟ್ಟು ಮನೆಗೆ ಬಂದ ಮೇಲೆ

ಕೆಲಸ ಶುರುವಾಗುವುದೇ ಇಲ್ಲಿಂದ. ಮದ್ಯ ಮೈಯಿಂದ ಇಳಿಯಲು ಕೆಲವು ದಿನ ಸಾಕು. ನಿದ್ದೆ, ಸಿಟ್ಟು, ಮನಸ್ಸು ಒಂದು ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಈ ಕಾಲದಲ್ಲಿ ಅವರು ಕುಡಿಯುತ್ತಿದ್ದ ಕಾಲಕ್ಕಿಂತ ಜಾಸ್ತಿ ಕಿರಿಕಿರಿ ಮಾಡಬಹುದು. "ಇದಕ್ಕಿಂತ ಕುಡಿದೇ ಇದ್ದದ್ದು ವಾಸಿ" ಅಂತ ಬಾಯಿ ತಪ್ಪಿಯೂ ಅನ್ನಬೇಡಿ.

ಕಷ್ಟದ ಹೊತ್ತು ಯಾವುದು ಅಂತ ಇಬ್ಬರೂ ಕೂತು ಗುರುತಿಸಿ. ಸಂಬಳದ ದಿನ, ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯ ಬಾರ್, ಗಣೇಶೋತ್ಸವದ ವಿಸರ್ಜನೆ, ಮೆಹೆಂದಿಯ ರಾತ್ರಿ ಬಾಲ್ಕನಿಯಲ್ಲಿ ಸೇರುವ ಗುಂಪು. ದಾರಿ ಬದಲಿಸಬಹುದು. ಸ್ಟೇಷನ್ನಿಗೆ ಮಗನನ್ನು ಕಳಿಸಬಹುದು. ಮದುವೆಗೆ ಮುಹೂರ್ತಕ್ಕೆ ಹೋಗಿ ಊಟ ಮಾಡಿ ಬಂದರೆ ಆಯಿತು, ಹಿಂದಿನ ರಾತ್ರಿ ಬೇಡ. ಸಂಜೆ ಏಳರಿಂದ ಒಂಬತ್ತು ಖಾಲಿ ಬಿಡಬೇಡಿ. ಹಸಿವಾದರೆ ಆಸೆ ಜಾಸ್ತಿ, ಆದ್ದರಿಂದ ಕೆಲಸ ಬಿಟ್ಟ ಕೂಡಲೇ ಏನಾದರೂ ತಿನ್ನಲು ಸಿಗಲಿ. ಬಾಯಿ ಮೂಸಿ ನೋಡುವುದು, ಜೇಬು ಹುಡುಕುವುದು ಬೇಡ. ಅನುಮಾನ ಬಂದರೆ ನೇರ ಕೇಳಿ.

ಮತ್ತೆ ಕುಡಿದರೆ? ಬಹಳ ಮಂದಿ ಕುಡಿಯುತ್ತಾರೆ. ಬಿಪಿ ಮಾತ್ರೆ ಬಿಟ್ಟವರಿಗೆ ಬಿಪಿ ಏರಿದರೆ ನಾವು ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುತ್ತೇವೆಯೇ ಹೊರತು ಮನೆಯಿಂದ ಹೊರಗೆ ಹಾಕುವುದಿಲ್ಲ. ಇದಕ್ಕೂ ಹಾಗೇ ಮಾಡಿ. ಒಂದು ಪೆಗ್ ಜಾರಿದ ಮರುದಿನವೇ ಗುಂಪಿಗೆ, ಡಾಕ್ಟರಿಗೆ ತಿಳಿಸಿದರೆ ಅದು ಒಂದು ಪೆಗ್ಗಿಗೇ ನಿಲ್ಲಬಹುದು. ಮುಚ್ಚಿಟ್ಟರೆ ತಿಂಗಳಾಗುತ್ತದೆ.

ಬ್ರೌನ್ ಶುಗರ್ ಬಿಟ್ಟು ಬಂದವರ ವಿಷಯದಲ್ಲಿ ಒಂದು ಮಾತು ನೆನಪಿಡಿ. ಬಿಟ್ಟು ಕೆಲವು ವಾರವಾದರೆ ಮೈಗೆ ಮೊದಲಿನ ತಾಳಿಕೆ ಇರುವುದಿಲ್ಲ. ಹಳೆಯ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಉಸಿರು ನಿಂತು ಸಾಯುತ್ತಾರೆ. ಇದನ್ನು ಅವರಿಗೆ ಬಿಡಿಸಿ ಹೇಳಿ. ಕರೆದರೂ ಏಳದ ನಿದ್ದೆ, ನೀಲಿಯಾದ ತುಟಿ, ನಿಧಾನವಾದ ಉಸಿರು ಕಂಡರೆ ಕೂಡಲೇ 108.

ಹೆಜ್ಜೆ 8: ನಿಮ್ಮನ್ನೂ ಮಕ್ಕಳನ್ನೂ ನೋಡಿಕೊಳ್ಳಿ

ಕಾಯಿಲೆ ಅಂತ ಅರ್ಥಮಾಡಿಕೊಳ್ಳುವುದು ಬೇರೆ, ಪೆಟ್ಟು ತಿನ್ನುವುದು ಬೇರೆ. ಕೈ ಎತ್ತುವವರಾದರೆ ಆ ರಾತ್ರಿ ವಾದ ಮಾಡಬೇಡಿ, ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಯಾರ ಮನೆಗೆ ಹೋಗುವುದು ಅಂತ ಮೊದಲೇ ಮಾತಾಡಿಟ್ಟಿರಿ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಸ್ವಲ್ಪ ದುಡ್ಡು ಒಂದು ಚೀಲದಲ್ಲಿ ಆ ಮನೆಯಲ್ಲೇ ಇರಲಿ. ಪೊಲೀಸರಿಗೆ 112, ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅದೇ ಮನೆಯಲ್ಲಿ ಉಳಿಯುವ ಹಕ್ಕು ನಿಮಗಿದೆ.

ಎಎಗೆ ಹೋಗುವವರ ಮನೆಯವರಿಗಾಗಿ ಅಲ್‌-ಅನಾನ್ ಅನ್ನುವ ಬೇರೆ ಸಭೆ ಇದೆ, 1951ರಿಂದ. ಗಂಡ ಚಿಕಿತ್ಸೆಗೆ ಒಪ್ಪದಿದ್ದರೂ ನೀವು ಹೋಗಬಹುದು. ಅಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ನಿಮ್ಮ ಮನೆಯದ್ದೇ ಕಥೆಯನ್ನು ಇನ್ನೊಬ್ಬಳು ಹಿಂದಿಯಲ್ಲಿ ಹೇಳುವುದನ್ನು ಕೇಳುತ್ತೀರಿ.

ಮಕ್ಕಳ ಹತ್ತಿರ ಮುಚ್ಚಿಡಬೇಡಿ. ಅವರಿಗೆ ಆಗಲೇ ಗೊತ್ತಿರುತ್ತದೆ. ಬಾಗಿಲ ಬೀಗ ತೆಗೆಯುವ ಸದ್ದಿನಲ್ಲೇ ಅವತ್ತು ಅಪ್ಪ ಹೇಗಿದ್ದಾರೆ ಅಂತ ಹೇಳುತ್ತಾರೆ. "ಅಪ್ಪನಿಗೆ ಕುಡಿತದ ಕಾಯಿಲೆ ಇದೆ. ನಿನ್ನಿಂದ ಬಂದದ್ದಲ್ಲ. ನೀನು ಸರಿಮಾಡಬೇಕಾಗಿಲ್ಲ. ಹೆದರಿಕೆ ಆದ್ರೆ ಕೆಳಗಿನ ಮಾಮಿಯ ಮನೆಗೆ ಹೋಗು" ಅಂತ ಹೇಳಿ. ಆ ಮಾಮಿಗೂ ಮೊದಲೇ ತಿಳಿಸಿಡಿ. ಮಕ್ಕಳ ಸಹಾಯವಾಣಿ 1098 ಅನ್ನು ಬಾಯಿಪಾಠ ಮಾಡಿಸಿ. ಶಾಲೆಯಲ್ಲಿ ನಂಬಿಕೆಯ ಟೀಚರ್ ಒಬ್ಬರಿದ್ದರೆ ಅವರ ಕಿವಿಗೂ ವಿಷಯ ಹಾಕಿ. ಹೋಮ್‌ವರ್ಕ್ ಯಾಕೆ ಆಗಿಲ್ಲ ಅಂತ ಅವರು ಎಲ್ಲರ ಮುಂದೆ ಕೇಳುವುದಾದರೂ ತಪ್ಪುತ್ತದೆ.